ಪಾಪ, ಕೆಂಚ

ಒಬ್ಬನ ಮಾನ ಕಳೆಯಲು ಬೈಗುಳ ಬೇಕು ಎಂದು ನಂಬಿರುವವರು ನಮ್ಮ ಹನಗೋಡಿನ ಕಡೆ ಬಂದು ಒಂದು ವಾರ ಇದ್ದು ಹೋಗಬೇಕು. ಬೈಗುಳಕ್ಕೆ ನಮ್ಮಲ್ಲಿ ಯಾರೂ ಸೊಪ್ಪು ಹಾಕುವುದಿಲ್ಲ. ಬೆಳಿಗ್ಗೆ ಬೈದವನೂ ಬೈಸಿಕೊಂಡವನೂ ಸಂಜೆಗೆ ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಾರೆ. ಓದಿದವರು ನಿಂದೆ, ಅಪವಾದ, ದೂಷಣೆ, ಮಾನಹಾನಿ ಎಂದು ದೊಡ್ಡ ದೊಡ್ಡ ಪದಗಳನ್ನು ಇಟ್ಟುಕೊಂಡಿದ್ದಾರೆ. ನಮ್ಮವರು ಹೆಸರು ಕೆಡಿಸುವುದು, ಮುಖಕ್ಕೆ ಮಸಿ ಬಳಿಯುವುದು, ಚಾಡಿ ಹೇಳುವುದು, ಫಿಟ್ಟಿಂಗ್ ಇಡುವುದು ಎನ್ನುತ್ತಾರೆ. ಇವೆಲ್ಲ ಒಂದಲ್ಲ ಒಂದು ದಿನ ಮಾಯುವ ಗಾಯಗಳು. ಮಾಯದ ಗಾಯ ಮಾಡುವ ಮಾತು ನಮ್ಮ ನಾಲ್ಕು ತಾಲ್ಲೂಕಿಗೆ ಸೇರಿ ಒಂದೇ ಒಂದು. ಅದು ‘ಪಾಪ’. ನಿಮ್ಮ ವಿಷಯ ಬಂದಾಗ ಯಾರಾದರೂ “ಪಾಪ, ಒಳ್ಳೇವ್ನೇಯ...” ಎಂದು ಶುರು ಮಾಡಿದರೆ ನೀವು ಊರು ಬಿಡಲು ಗಂಟುಮೂಟೆ ಕಟ್ಟಿಕೊಳ್ಳುವುದು ಒಳ್ಳೆಯದು.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ನಾನು ರಾಗಿ ಗಿರಣಿ ನಡೆಸುವವನು. ಗಿರಣಿಯ ಸದ್ದಿನಲ್ಲಿ ಗುಟ್ಟು ಹೇಳಬೇಕಾದರೂ ಕೂಗಿಯೇ ಹೇಳಬೇಕು. ಹೀಗಾಗಿ ಊರಿನ ಯಾವ ಗುಟ್ಟೂ ನನ್ನಿಂದ ತಪ್ಪಿಸಿಕೊಂಡಿಲ್ಲ. ನಾನೂ ಯಾವುದನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿಲ್ಲ. ಈ ಕಥೆಯಲ್ಲಿ ನನ್ನ ಪಾಲೂ ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನೀಲಕಂಠಸ್ವಾಮಿ ನನ್ನ ಪಕ್ಕದ ಮನೆಯವನು. ಮೂರು ಎಕರೆ ಹೊಗೆಸೊಪ್ಪು, ಒಂದು ಬ್ಯಾರನ್ನು, ಎರಡು ಹಸು. ಕಾಲಿಗೆ ಇರುವೆ ಸಿಕ್ಕರೆ ಪಕ್ಕಕ್ಕೆ ಸರಿದು ದಾರಿ ಬಿಡುವಂಥ ಮನುಷ್ಯ. ಅವನಿಗಿದ್ದ ಚಟ ಒಂದೇ. ಹೆಂಡತಿಯ ತವರಿನವರ ಮುಂದೆ ದೊಡ್ಡ ಬೇಸಾಯಗಾರ ಅನ್ನಿಸಿಕೊಳ್ಳಬೇಕು. ಅವರು ಕೃಷ್ಣರಾಜನಗರದ ಕಡೆಯ ಭತ್ತದ ಗದ್ದೆಯವರು, ಹೊಗೆಸೊಪ್ಪಿನ ಗಂಧಗಾಳಿ ಗೊತ್ತಿಲ್ಲದವರು. ಅವರಿಗೆ ಇವನು ಇಪ್ಪತ್ತೈದು ವರ್ಷದಿಂದ, “ನಮ್ಮ ಸೊಪ್ಪು ನಾನೇ ಬೇಯಿಸೋದು, ಬೇರೆಯವರ ಕೈಗೆ ಕೊಡಲ್ಲ” ಎಂದು ಹೇಳಿಕೊಂಡು ಬಂದಿದ್ದ.

ಬೇಯಿಸುತ್ತಿದ್ದವನು ಕೆಂಚ. ಬ್ಯಾರನ್ ಎಂದರೆ ಎರಡಾಳೆತ್ತರದ ಇಟ್ಟಿಗೆ ಕೋಣೆ. ಒಳಗೆ ಕಡ್ಡಿಗೆ ಪೋಣಿಸಿದ ಹಸಿ ಎಲೆ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಇಟ್ಟು, ಐದಾರು ದಿನ ಬಿಡದೆ ಕಾವು ಕೊಡಬೇಕು. ಗೋಡೆಯಲ್ಲಿರುವ ಅಂಗೈಯಗಲದ ಗಾಜಿನಲ್ಲಿ ಇಣುಕಿ, ಎಲೆಯ ಬಣ್ಣ ನೋಡಿ, ಉರಿಯನ್ನು ಏರಿಸಬೇಕು, ಇಳಿಸಬೇಕು. ಕೆಂಚ ಬೇಯಿಸಿದ ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬರುತ್ತಿತ್ತು. ಉರಿ ಹಾಕಿದ ದಿನ ಬೇಯಿಸುವವನು ಬ್ಯಾರನ್ನಿನ ಚಿಲಕಕ್ಕೆ ಒಂದು ಅರಿಸಿನದ ದಾರ ಕಟ್ಟುತ್ತಾನೆ. ಅಲ್ಲಿಂದ ಅವನೇ ಅದನ್ನು ಬಿಚ್ಚುವವರೆಗೆ ಬ್ಯಾರನ್ನು ಅವನದು. ಯಜಮಾನನೂ ಬಾಗಿಲು ಮುಟ್ಟುವಂತಿಲ್ಲ. ಬಾಗಿಲು ತೆರೆದರೆ ಕಾವು ಬೀಳುತ್ತದೆ, ಕಾವು ಬಿದ್ದರೆ ಎಲೆಯ ದಂಟಿನ ನೀರು ವಾಪಸ್ಸು ಎಲೆಗೆ ಇಳಿದು ಸೊಪ್ಪು ಕೆಂಪಗಾಗುತ್ತದೆ.

ಕೆಂಚ ಕಾಡಂಚಿನ ಆದಿವಾಸಿ ಹಾಡಿಯವನು. ಮೊದಲೆಲ್ಲ ವರ್ಷದ ಆರು ತಿಂಗಳು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೊಡಗಿನ ಕಾಫಿ ತೋಟಕ್ಕೆ ಹೋಗುತ್ತಿದ್ದ. ಬೇಯಿಸುವುದರಲ್ಲಿ ಹೆಸರು ಬಂದ ಮೇಲೆ ಎರಡು ವರ್ಷದಿಂದ ಹೋಗಿರಲಿಲ್ಲ. ಎಂಟು ಬ್ಯಾರನ್ನಿನವರು ಅವನಿಗಾಗಿ ಸರದಿ ಹಿಡಿದು ಕಾಯುತ್ತಿದ್ದರು. ಮಗಳು ರೇಣುಕಾ ಹನಗೋಡಿನ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಕೆಂಚನ ಹೆಸರು ಇರುವ ತನಕ ಅವಳ ಶಾಲೆ, ಹೆಸರು ಹೋದರೆ ಮತ್ತೆ ಕಾಫಿ ತೋಟ. ಇಷ್ಟು ಸರಳವಾದ ವಿಷಯ ನಮಗೆಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ನಾವು ಮಾಡಬೇಕಾದ್ದನ್ನು ಮಾಡಿದೆವು.

ಆವತ್ತು ಉರಿ ಹಾಕಿ ನಾಲ್ಕನೇ ದಿನ. ಮಧ್ಯಾಹ್ನ ಕೆಂಚ, ಮುದ್ದೆ ಉಂಡು ಬರುತ್ತೇನೆ, ಒಲೆ ನೋಡಿಕೊಂಡಿರಿ, ಬಾಗಿಲ ತಂಟೆಗೆ ಮಾತ್ರ ಹೋಗಬೇಡಿ ಎಂದು ಹೇಳಿ ಹೋದ. ಅವನು ಅತ್ತ ಹೋದ, ಇತ್ತ ಕಾರಿನಲ್ಲಿ ಗೌರೀಶ ಬಂದಿಳಿದ. ಇವನು ನೀಲಕಂಠಸ್ವಾಮಿಯ ಹೆಂಡತಿ ಸುನಂದಮ್ಮನ ತಮ್ಮ. “ಭಾವ, ಇಷ್ಟು ವರ್ಷದಿಂದ ಕೇಳ್ತಿದೀನಿ, ಇವತ್ತಾದರೂ ಒಳಗೆ ತೋರಿಸಿ, ಒಂದು ವಿಡಿಯೋ ತಗೊಂಡು ಮನೆಯೋರಿಗೆ ಕಳಿಸ್ತೀನಿ” ಎಂದ. ಇಪ್ಪತ್ತೈದು ವರ್ಷದ ಸುಳ್ಳು ಕಾರಿನಿಂದಿಳಿದು ಎದುರಿಗೆ ನಿಂತಾಗ ಯಾವ ಗಂಡಸು ತಾನೇ ಬಾಗಿಲು ಮುಚ್ಚಿಕೊಂಡು ಕೂರುತ್ತಾನೆ? ನೀಲಕಂಠಸ್ವಾಮಿ ದಾರ ಬಿಚ್ಚಿದ. ಬಾಗಿಲನ್ನು ಪೂರಾ ತೆರೆದ. ಒಳಗೆ ಬೆಳಕು ಸಾಲದು ಎಂದು ಗೌರೀಶ ಅಂದಿದ್ದಕ್ಕೆ ಬಾಗಿಲಿಗೆ ಒಂದು ಕಲ್ಲು ಕೊಟ್ಟ. ಮೈಯೆಲ್ಲ ಬೆವರುತ್ತ, ಕೈಯಲ್ಲಿ ಒಂದು ಎಲೆ ಹಿಡಿದು, ಹೊಗೆಸೊಪ್ಪಿನ ಬೇಸಾಯದ ಮೇಲೆ ಇಪ್ಪತ್ತು ನಿಮಿಷ ಮಾತಾಡಿದ. ಆಮೇಲೆ ಬಾಗಿಲು ಮುಚ್ಚಿ ಮೊದಲಿನಂತೆಯೇ ದಾರ ಕಟ್ಟಿದ. ಮೊದಲಿನಂತೆಯೇ ಎಂದು ಅವನು ಅಂದುಕೊಂಡ.

ಕೆಂಚ ಬಂದು ಕಾವು ನೋಡಿದ, ಚಿಲಕದ ಕಡೆ ನೋಡಿದ, ಸೌದೆ ತುರುಕಿದ. ಎರಡು ದಿನ ಕಳೆದು ಬ್ಯಾರನ್ ತೆರೆದಾಗ ಸೊಪ್ಪು ಹಳೇ ಚಪ್ಪಲಿಯ ಬಣ್ಣಕ್ಕೆ ತಿರುಗಿತ್ತು. ನೋಡಲು ಹತ್ತು ಜನ ನೆರೆದಿದ್ದೆವು. ಕೆಂಚ ಬೇಯಿಸಿದ ಸೊಪ್ಪು ಹೀಗಾದದ್ದು ಯಾರೂ ಕಂಡಿರಲಿಲ್ಲ. ಏನಾಯಿತು ಸ್ವಾಮಿ ಎಂದು ನಾನೇ ಕೇಳಿದೆ. ಕೆಂಚ ಒಳಗೆ ಕಡ್ಡಿ ಇಳಿಸುತ್ತಿದ್ದ. ನೀಲಕಂಠಸ್ವಾಮಿ ಒಂದು ಸಲ ಬಾಗಿಲು ನೋಡಿದ, ಒಂದು ಸಲ ನಮ್ಮ ಮುಖ ನೋಡಿದ, ಆಮೇಲೆ ಸಣ್ಣ ದನಿಯಲ್ಲಿ ಹೇಳಿದ:

“ಪಾಪ, ಕೆಂಚ. ಐದಾರು ದಿನದಿಂದ ನಿದ್ದೆ ಇಲ್ಲ. ಒಂಚೂರು ಕಣ್ಣು ಎಳೆದಿರಬೋದು.”

ಇಷ್ಟೇ. ಇದರಲ್ಲಿ ಬೈಗುಳ ಎಲ್ಲಿದೆ, ದೂರು ಎಲ್ಲಿದೆ? ಕರುಣೆಯೇ ಮೂರ್ತಿವೆತ್ತು ಮಾತಾಡಿದ ಹಾಗಿತ್ತು. ನಾನು ಅದನ್ನು ಸಂಜೆಯೊಳಗೆ ಗಿರಣಿಗೆ ಬಂದ ಒಂಬತ್ತು ಜನರಿಗೆ ಹೇಳಿದೆ. ನಾನೂ ‘ಪಾಪ’ ಸೇರಿಸಿಯೇ ಹೇಳಿದೆ.

ಮೂರನೇ ದಿನ ಇಬ್ಬರು ಬ್ಯಾರನ್ನಿನವರು ಕೆಂಚನಿಗೆ ಬರಬೇಡ ಎಂದು ಹೇಳಿ ಕಳಿಸಿದರು. ಸುದ್ದಿ ನೀಲಕಂಠಸ್ವಾಮಿಯ ಮನೆಗೆ ಮುಟ್ಟಿತು. ಸುನಂದಮ್ಮ ಗಂಡನ ಮುಂದೆ ತಟ್ಟೆ ಇಟ್ಟು, “ಬಾಗಿಲು ತೆಗೆದೋರು ನೀವು, ನಿದ್ದೆ ಮಾಡಿದೋನು ಕೆಂಚ. ಹೋಗಿ ನಾಕು ಜನದ ಮುಂದೆ ಇದ್ದಿದ್ದು ಇದ್ದಂಗೆ ಹೇಳಿ ಬನ್ನಿ” ಎಂದರು. ಅವನಿಗೂ ಅನ್ನ ಇಳಿಯಲಿಲ್ಲ. ನಿಜವಾಗಿಯೂ ಸಂಕಟಪಟ್ಟ, ಅದನ್ನು ನಾನು ಕಣ್ಣಾರೆ ಕಂಡೆ. ಆದರೆ ಇದ್ದದ್ದು ಇದ್ದ ಹಾಗೆ ಹೇಳಿದರೆ ಅದು ಗೌರೀಶನ ಕಿವಿಗೆ ಬಿದ್ದು, ಅಲ್ಲಿಂದ ಅತ್ತೆ ಮನೆಗೆ ಹೋಗಿ, ಇಪ್ಪತ್ತೈದು ವರ್ಷದ ಬೇಸಾಯ ಒಂದು ದಿನಕ್ಕೆ ಮಣ್ಣುಪಾಲಾಗುತ್ತದೆ. ತನ್ನ ಹೆಸರನ್ನು ಮುಟ್ಟದೆ ಕೆಂಚನ ಹೆಸರನ್ನು ರಿಪೇರಿ ಮಾಡುವ ದಾರಿಯೊಂದನ್ನು ಅವನು ಕಂಡುಕೊಂಡ. ಕೆಂಚನನ್ನು ಹೊಗಳುವುದು.

ಮೊದಲು ಹೋದದ್ದು ಹನಗೋಡಿನಲ್ಲಿ ಮಲ್ಲೇಶನ ಟೀ ಅಂಗಡಿಗೆ. ಬೆಂಚಿನ ತುಂಬ ಜನ. ಇವನು ಟೀ ಹೇಳಿ, ಯಾರೂ ಕೇಳದಿದ್ದರೂ, ಜನ ಏನೇನೋ ಅಂತಾರೆ, ಆದರೆ ನಮ್ಮ ಕೆಂಚ ಕುಡಿಯೋನಲ್ಲ ಎಂದ. ಅಲ್ಲಿಯವರೆಗೆ ಕೆಂಚ ಕುಡಿಯುತ್ತಾನೆ ಎಂದು ಯಾರೂ ಅಂದಿರಲಿಲ್ಲ, ಯಾರಿಗೂ ಹೊಳೆದಿರಲೂ ಇಲ್ಲ. ಮಲ್ಲೇಶ ಗ್ಲಾಸು ಒರೆಸುತ್ತ, ಓ ಅದಕ್ಕೇ ಕಣ್ಣು ಎಳೆದಿದ್ದು ಎಂದು ಲೆಕ್ಕ ಕೂಡಿಸಿದ. ನೀಲಕಂಠಸ್ವಾಮಿ ಅಂಗಡಿ ಬಿಡುವ ಹೊತ್ತಿಗೆ ಕೆಂಚ ಎರಡು ವರ್ಷದಿಂದ ಕುಡಿಯುತ್ತಿದ್ದ.

ಈ ಗಾಯಕ್ಕೆ ಮದ್ದು ಹಚ್ಚಲು ಅವನು ಹ್ಯಾಂಡ್‌ಪೋಸ್ಟ್ ಪೇಟೆಗೆ ಹೋದ. ಅಲ್ಲಿ ಗೊಬ್ಬರದಂಗಡಿ ಮುಂದೆ ನಿಂತಿದ್ದ ಬೆಳೆಗಾರರಿಗೆ, ಕುಡಿತ ಗಿಡಿತ ಎಲ್ಲ ಸುಳ್ಳು, ಕೆಂಚನಷ್ಟು ಸಾಚಾ ಮನುಷ್ಯ ಇಲ್ಲ, ನನ್ನ ಬ್ಯಾರನ್ನಿನ ಒಂದು ತುಂಡು ಸೌದೆ ಕೂಡ ಮನೆಗೆ ಒಯ್ದವನಲ್ಲ ಎಂದು ಒತ್ತಿ ಹೇಳಿದ. ಬೆಳೆಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಿರಿಯಾಪಟ್ಟಣದಿಂದ ಬಂದಿದ್ದವನೊಬ್ಬ, ಹೋದ ವರ್ಷ ತನ್ನ ಬ್ಯಾರನ್ನಿನಲ್ಲಿ ಸೌದೆ ಯಾಕೆ ಬೇಗ ಮುಗಿಯಿತು ಎಂಬುದು ಈಗ ಅರ್ಥವಾಯಿತು ಎಂದ. ಕೆಂಚ ಆ ತಾಲ್ಲೂಕಿಗೆ ಕಾಲಿಟ್ಟವನೇ ಅಲ್ಲ. ಆದರೂ ಆ ಮನುಷ್ಯನಿಗೆ ಅರ್ಥವಾಯಿತು.

ಸೌದೆ ಎಂದ ಮೇಲೆ ಕಾಡು, ಕಾಡು ಎಂದ ಮೇಲೆ ಅರಣ್ಯ ಇಲಾಖೆಯ ವಾಚರ್ ದಾಸಯ್ಯ. ದಾಸಯ್ಯ ಕೆಟ್ಟವನಲ್ಲ. ಮೇಲಿನವರ ಕಿವಿಗೆ ಬಿದ್ದರೆ ತಾನೇ ಉತ್ತರ ಹೇಳಬೇಕಲ್ಲ ಎಂದು ಹಾಡಿಗೆ ಹೋಗಿ ಕೆಂಚನ ಗುಡಿಸಲ ಸುತ್ತ ಒಂದು ಸುತ್ತು ಹಾಕಿದ. ಅಲ್ಲಿದ್ದದ್ದು ಒಲೆಗೆ ಬೇಕಾಗುವಷ್ಟು ಪುಳ್ಳೆ. ಏನೂ ಸಿಕ್ಕಲಿಲ್ಲ ಎಂದು ಬಂದು ಪ್ರಾಮಾಣಿಕವಾಗಿ ಎಲ್ಲರಿಗೂ ಹೇಳಿದ. ಏನೂ ಸಿಕ್ಕಲಿಲ್ಲ ಎಂದರೆ ಕಳ್ಳ ಎಷ್ಟು ಪಳಗಿದವನಿರಬೇಕು ಎಂದು ನಮ್ಮ ಗಿರಣಿಯಲ್ಲಿ ಚರ್ಚೆಯಾಯಿತು. ಮುದುಕಿ ಬೀರಮ್ಮ ಒಬ್ಬಳೇ ರಾಗಿ ತುಂಬಿಸಿಕೊಳ್ಳುತ್ತ, ಅವನ ಪಾಡಿಗೆ ಅವನ್ನ ಬುಡ್ರಪ್ಪ ಎಂದಳು. ಬೀರಮ್ಮನಿಗೂ ಕೆಂಚನಿಗೂ ಏನೋ ನೆಂಟಸ್ತಿಕೆ ಇರಬೇಕು ಎಂದು ಅವಳು ಹೋದ ಮೇಲೆ ಮಾತಾಯಿತು.

ಹದಿನೈದು ದಿನದಲ್ಲಿ ಎಂಟು ಬ್ಯಾರನ್ನು ಐದಾಗಿ, ಐದು ಎರಡಾಗಿ, ಎರಡು ಸೊನ್ನೆಯಾಯಿತು. ನೀಲಕಂಠಸ್ವಾಮಿ ಇಳಿದುಹೋದ. ಗಡ್ಡ ಬೋಳಿಸುವುದು ಬಿಟ್ಟ. ಕೊನೆಗೆ ಒಂದು ದಿನ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹುಣಸೂರಿಗೆ ಹೊರಟ. ಊರಿನವರ ಬಾಯಿ ಮುಚ್ಚಿಸಲು ಕೋರ್ಟಿನ ಮೂಲಕ ಎಲ್ಲರಿಗೂ ಮಾನಹಾನಿ ನೋಟಿಸು ಕೊಡಿಸುತ್ತೇನೆ ಎಂಬುದು ಅವನ ಯೋಚನೆ. ವಕೀಲರು ವಯಸ್ಸಾದವರು, ಸಮಾಧಾನದವರು. ಕನ್ನಡಕ ಹಣೆಗೆ ಏರಿಸಿಕೊಂಡು ಪೂರಾ ಕೇಳಿದರು. ಮಾನ ಹೋದವನು ಯಾರು ಎಂದರು. ಕೆಂಚ ಎಂದು ಇವನು ಹೇಳಿದ. ಅವನೇ ಯಾಕೆ ಬಂದಿಲ್ಲ ಎಂದರು. ಅವನಿಗೆ ಇದೆಲ್ಲ ತಿಳಿಯುವುದಿಲ್ಲ ಎಂದ.

“ಸರಿ ಬಿಡಿ. ಈ ಮಾತನ್ನ ಮೊಟ್ಟಮೊದಲು ಆಡಿದೋನು ಯಾರು? ನೋಟಿಸು ಅವನಿಂದಲೇ ಶುರು ಮಾಡಬೇಕು.”

ನೀಲಕಂಠಸ್ವಾಮಿ ಗೋಡೆಯ ಕ್ಯಾಲೆಂಡರು ನೋಡಿದ. ನಾನು ನನ್ನ ಚಪ್ಪಲಿ ನೋಡಿದೆ. ವಕೀಲರು ಪೆನ್ನು ತೆಗೆದು, ಹೆಸರು, ತಂದೆಯ ಹೆಸರು, ವಿಳಾಸ ಎಂದರು. ಇವನು, “ವಿಳಾಸ ಕೊಡಲೇಬೇಕಾ ಸಾರ್?” ಎಂದು ಕೇಳಿದ. ನಾವು ಎದ್ದು ಬಂದೆವು.

ಅಲ್ಲಿಂದ ಬರುವಾಗ ಬೈಕನ್ನು ಊರಿಗೆ ತಿರುಗಿಸದೆ ನೆಟ್ಟಗೆ ಹಾಡಿಗೆ ಓಡಿಸಿದ. ಕೆಂಚ ಗುಡಿಸಲ ಮುಂದೆ ಹಗ್ಗ ಹೊಸೆಯುತ್ತಿದ್ದ. ಹೆಂಡತಿ ಕುಳ್ಳಮ್ಮ ನಮ್ಮನ್ನು ನೋಡಿ ಒಳಗೆ ಹೋದಳು, ಹಿಂದೆಲ್ಲ ಆಗಿದ್ದರೆ ನೀರು ತರುತ್ತಿದ್ದಳು. ನೀಲಕಂಠಸ್ವಾಮಿ ನಿಂತುಕೊಂಡೇ, ಆವತ್ತು ಬಾಗಿಲು ತೆಗೆದವನು ನಾನು ಕೆಂಚ, ನನ್ನಿಂದ ತಪ್ಪಾಯಿತು ಎಂದ. ಕೆಂಚ ಹಗ್ಗದಿಂದ ಕಣ್ಣೆತ್ತಲಿಲ್ಲ.

“ಗೊತ್ತು ಸಾಮಿ. ದಾರದ ಗಂಟು ನಂದಲ್ಲ ಅಂತ ಅವತ್ತೇ ಗೊತ್ತಾಯ್ತು.”

ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂದು ನಾನು ಕೇಳಿದೆ. ಯಜಮಾನರ ಬಾಯಿಂದ ಬಂದ ಮಾತಿಗೆ ಹಾಡಿಯವನ ಮಾತು ಎದುರು ನಿಲ್ಲುತ್ತದಾ ಎಂದು ಅವನು ನನ್ನನ್ನೇ ಕೇಳಿದ. ಹೇಳಿದ್ದರೆ ಯಜಮಾನರ ಮೇಲೆ ಚಾಡಿ ಹೇಳಿದ ಎಂಬುದೂ ಸೇರಿಕೊಳ್ಳುತ್ತಿತ್ತು ಎಂದ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದೆ, ಸೇರಿಕೊಳ್ಳುತ್ತಿತ್ತು.

ಮಾರನೆಯ ದಿನ ಸೋಮವಾರ. ಮಹದೇಶ್ವರನ ಗುಡಿಯಲ್ಲಿ ಮಂಗಳಾರತಿ ಆದ ಮೇಲೆ, ಊರೆಲ್ಲ ಪ್ರಸಾದಕ್ಕೆ ಕೈ ಒಡ್ಡಿ ನಿಂತಿದ್ದಾಗ, ನೀಲಕಂಠಸ್ವಾಮಿ ದೀಪದ ಕಂಬದ ಪಕ್ಕ ನಿಂತು ಎಲ್ಲ ಹೇಳಿದ. ದಾರ ಬಿಚ್ಚಿದ್ದು, ಬಾಗಿಲಿಗೆ ಕಲ್ಲು ಕೊಟ್ಟದ್ದು, ಭಾವಮೈದನ ಮುಂದೆ ಜಂಬ ಕೊಚ್ಚಿದ್ದು, ಕೆಂಚನ ಮೇಲೆ ಹಾಕಿದ್ದು, ಒಂದನ್ನೂ ಬಿಡಲಿಲ್ಲ. ಮನುಷ್ಯ ತನ್ನ ಮಾನವನ್ನು ತಾನೇ ಹರಾಜಿಗೆ ಇಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಅವನ ಮೇಲೆ ಗೌರವ ಬಂತು. ಹೇಳಿ ಮುಗಿಸಿ, ಬೈಗುಳ ಬರಲಿ ಎಂದು ತಲೆ ತಗ್ಗಿಸಿ ನಿಂತ.

ಬೈಗುಳ ಬರಲಿಲ್ಲ. ಊರಿಗೆ ಹಿರಿಯರಾದ ಸಿದ್ದಮಲ್ಲಪ್ಪನವರು ಕಣ್ಣೊರೆಸಿಕೊಂಡರು. ಮುಂದೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

“ಒಬ್ಬ ಬಡವನ ಮಾನ ಉಳಿಸೋಕೆ ತಪ್ಪನ್ನೆಲ್ಲ ತನ್ನ ಮೈಮೇಲೆ ಎಳ್ಕೊಂಡವ್ನೆ ಕಣ್ರಪ್ಪ. ಇಂಥ ಮನಸ್ಸು ಯಾರಿಗೆ ಬತ್ತದೆ?”

ನೀಲಕಂಠಸ್ವಾಮಿ ಗಾಬರಿಯಾದ. ಇಲ್ಲ, ನಿಜವಾಗಿಯೂ ನಾನೇ ಎಂದ. ನೋಡಿ, ಇನ್ನೂ ಬಿಟ್ಟುಕೊಡ್ತಿಲ್ಲ ಎಂದು ಹೆಂಗಸರು ಸೆರಗು ಬಾಯಿಗಿಟ್ಟರು. ಸುನಂದಮ್ಮ ಮುಂದೆ ಬಂದು, ಇವರು ಹೇಳುವುದು ಸತ್ಯ, ಬಾಗಿಲು ತೆಗೆದದ್ದು ಇವರೇ ಎಂದರು. ಗಂಡನ ತ್ಯಾಗಕ್ಕೆ ಹೆಗಲು ಕೊಡುವ ಇಂಥ ಹೆಂಡತಿ ಈ ಕಾಲದಲ್ಲಿ ಎಲ್ಲಿ ಸಿಗುತ್ತಾಳೆ ಎಂದರು ಜನ. ಸಾಕ್ಷಿ ಇದೆ ಎಂದು ಅವನು ಅಲ್ಲಿಂದಲೇ ಗೌರೀಶನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿ, ಆ ವಿಡಿಯೋ ಕಳಿಸು ಎಂದ. ಊರಿನವರ ದನಿ ಹಿಂದೆ ಕೇಳಿಸುತ್ತಲೇ ಗೌರೀಶ ಹುಷಾರಾದ. ಅವನೂ ಮನೆತನದ ಮರ್ಯಾದೆ ತಿಳಿದವನು. ಯಾವ ವಿಡಿಯೋ ಭಾವ, ನೀವು ಆವತ್ತು ಬಾಗಿಲ ಹತ್ತಿರಾನೂ ಹೋಗಲಿಲ್ಲವಲ್ಲ ಎಂದ. ಭಾವನ ಮಾನ ಉಳಿಸಿದೆ ಎಂದು ವಿಡಿಯೋವನ್ನು ಅಳಿಸಿಯೂ ಹಾಕಿದನಂತೆ, ಆಮೇಲೆ ತಿಳಿಯಿತು.

ಮುಂದಿನ ವಾರ ಬೆಳೆಗಾರರ ಸಂಘದವರು ನೀಲಕಂಠಸ್ವಾಮಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ತಟ್ಟೆ ಕೊಟ್ಟರು. ಬೇಡ ಬೇಡ ಎಂದು ಅವನು ಅತ್ತ. ಅತ್ತದ್ದಕ್ಕೂ ಚಪ್ಪಾಳೆ ಬಿತ್ತು. ಭಾಷಣ ಮಾಡಿದವರೊಬ್ಬರು, ಇಂಥ ದೇವರಂಥ ಯಜಮಾನರಿಗೆ ದ್ರೋಹ ಬಗೆಯುವ ಜನವೂ ನಮ್ಮ ನಡುವೆ ಇದ್ದಾರಲ್ಲ ಎಂದು ನೊಂದುಕೊಂಡರು. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮಾತು ಎಲ್ಲಿಗೆ ಹೋಯಿತು ಎಂದು ಅವರು ಹೇಳಿಲ್ಲ. ಅದು ಸಂಘದ ಸಭೆಗೆ ಹೋಗಿ, ಮೈಕು ಹಿಡಿದು, ಮನೆಗೆ ವಾಪಸ್ಸು ಬಂತು.

ಗುರುವಾರ ಬೆಳಿಗ್ಗೆ ಕಾಫಿ ತೋಟದ ಜೀಪು ಬಂತು. ಹಾಡಿಯಿಂದ ಮೂರು ಸಂಸಾರ ಹೊರಟಿದ್ದವು, ಮೂರರಲ್ಲಿ ಒಂದು ಕೆಂಚನದು. ರೇಣುಕಾಳ ಶಾಲೆಯ ಬ್ಯಾಗಿನಲ್ಲಿ ಬಟ್ಟೆ ತುಂಬಿ ಜಿಪ್ಪು ಹಾಕಲು ಬಾರದೆ ಹಗ್ಗ ಸುತ್ತಿದ್ದರು. ನಾನೂ ನೀಲಕಂಠಸ್ವಾಮಿಯೂ ಹೋಗಿ ನಿಂತಿದ್ದೆವು. ಹುಡುಗಿಯನ್ನು ನಮ್ಮ ಮನೆಯಲ್ಲಿ ಬಿಟ್ಟುಹೋಗು, ನಾನು ಓದಿಸುತ್ತೇನೆ ಎಂದು ಇವನು ಬಾಯಿ ತೆರೆದ. ಕುಳ್ಳಮ್ಮ ಅವನ ಕಡೆ ನೋಡಿದ ನೋಟಕ್ಕೆ ಆ ಮಾತು ಅಲ್ಲಿಗೇ ನಿಂತಿತು. ಕೆಂಚ ಜೀಪು ಹತ್ತಿದವನು ಮತ್ತೆ ಇಳಿದು ಬಂದ.

“ಸಾಮಿ, ಒಂದು ಉಪಕಾರ ಮಾಡಿ. ಇನ್ ಮುಂದೆ ಯಾರ ತಾವೂ ನನ್ ಬಗ್ಗೆ ಒಳ್ಳೇದು ಯೋಳ್ಬ್ಯಾಡಿ.”

ಕೋಪದಿಂದ ಹೇಳಲಿಲ್ಲ. ಬಾಗಿಲ ತಂಟೆಗೆ ಹೋಗಬೇಡಿ ಎಂದು ಹೇಳಿದ್ದನಲ್ಲ, ಅದೇ ದನಿ. ನೀಲಕಂಠಸ್ವಾಮಿ ತಲೆಯಾಡಿಸಿ, ಮಹದೇಶ್ವರನಾಣೆಗೂ ಹೇಳುವುದಿಲ್ಲ ಎಂದ.

ಇದಾಗಿ ಹತ್ತು ಹನ್ನೆರಡು ದಿನ ಕಳೆದಿರಬಹುದು. ನೀಲಕಂಠಸ್ವಾಮಿ ರಾಗಿ ಬೀಸಿಸಲು ಬಂದು ಕೂತಿದ್ದಾಗ ಅವನಿಗೊಂದು ಫೋನು ಬಂತು. ಸದ್ದಿಗೆ ಕೇಳಿಸುತ್ತಿಲ್ಲ ಎಂದು ಸ್ಪೀಕರಿಗೆ ಹಾಕಿದ, ನಾನು ಗಿರಣಿ ನಿಲ್ಲಿಸಿದೆ. ಕೊಡಗಿನ ಸಿದ್ದಾಪುರದ ಕಡೆಯ ಒಂದು ತೋಟದಲ್ಲಿ ಆಳುಗಳ ಲೆಕ್ಕ ನೋಡುವ ರೈಟರ್ ಮಾತಾಡುತ್ತಿದ್ದರು. ಒಳ್ಳೆಯ ಮನುಷ್ಯನ ದನಿ. ಕೆಂಚ ಎಂಬ ಒಬ್ಬರು ಬಂದಿದ್ದಾರೆ, ಬೆಂಕಿಯ ಕೆಲಸ ಚೆನ್ನಾಗಿ ಗೊತ್ತು ಅಂತಾರೆ, ನಮ್ಮ ಕಾಫಿ ಡ್ರೈಯರಿನ ಒಲೆಗೆ ಒಬ್ಬರು ಕಾಯಂ ಆಳು ಬೇಕಾಗಿದೆ ಎಂದರು. ಶಾಲೆಯ ಪಕ್ಕದಲ್ಲೇ ಕೆಲಸಗಾರರ ಲೈನ್ ಮನೆ ಕೊಡುತ್ತೇವೆ, ಅವರ ಮಗಳಿಗೂ ಅನುಕೂಲ, ಹಿಂದೆ ಕೆಲಸ ಮಾಡಿದ ಕಡೆಯ ಒಬ್ಬರ ನಂಬರು ಕೇಳಿದ್ದಕ್ಕೆ, ಬೇರೆ ಯಾರದೂ ಇಲ್ಲವೆಂದು ಅವರ ಹೆಂಡತಿ ನಿಮ್ಮದನ್ನು ಕೊಟ್ಟರು ಎಂದರು. ಆಮೇಲೆ ಕೇಳಿದರು:

“ಮನುಷ್ಯ ಹೆಂಗೆ ಸಾರ್? ನಂಬಬೋದಾ?”

ನೀಲಕಂಠಸ್ವಾಮಿ ಬಾಯಿ ತೆರೆದ. ಏನೋ ಹೇಳಲು ಹೊರಟು, ನನ್ನ ಮುಖ ನೋಡಿ, ಮುಚ್ಚಿದ. ಮತ್ತೆ ತೆರೆದ, ಮತ್ತೆ ಮುಚ್ಚಿದ. ಕಣ್ಣಲ್ಲಿ ನೀರು ತುಂಬಿಕೊಂಡಿತು. ನಾನಾದರೂ ಫೋನು ಕಿತ್ತುಕೊಂಡು ಒಂದು ಮಾತು ಹೇಳಬಹುದಿತ್ತು. ಏನು ಹೇಳಿದರೆ ಏನಾಗುತ್ತದೋ ಎಂದು ನನಗೂ ಭಯವಾಯಿತು. ಗಿರಣಿ ನಿಂತಿದ್ದರಿಂದ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದ್ದು ಕೂಡ ಕೇಳಿಸಿತು. ಹಲೋ, ಹಲೋ ಎಂದು ರೈಟರ್ ಎರಡು ಸಲ ಕರೆದರು. ಇವನು ಬಿಕ್ಕಿದ್ದು ಅವರಿಗೆ ಕೇಳಿಸಿರಬೇಕು.

“ಬಿಡಿ ಸಾರ್, ಅರ್ಥ ಆಯ್ತು” ಎಂದು ಮೆಲ್ಲಗೆ ಹೇಳಿ ಫೋನು ಇಟ್ಟರು.

ನೀಲಕಂಠಸ್ವಾಮಿ ಫೋನನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ:

“ಶಿವಣ್ಣ, ನಾನೇನೂ ಅನ್ನಲಿಲ್ಲ ಅಲ್ವಾ?”

ಇಲ್ಲ ಎಂದೆ. ಅದು ನಿಜವೇ ಆಗಿತ್ತು.